ಸ್ಕಾಬ್: ಮಗ್ಗದ ಮೇಲೊಂದು ತಪ್ಪು, ಶಾಲೆಯಲ್ಲೊಂದು ಪೆಟ್ಟಿಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ಜವಳಿ ಡಿಪ್ಲೊಮಾ ಓದುವವರು, ಅನುವಾದ ಮಾಡುವವರು, ಇಂಗ್ಲಿಷ್ ಪದಬಂಧ ಬಿಡಿಸುವವರು, ಮೂರೂ ಕಡೆಯವರು ‘ಸ್ಕಾಬ್’ (scob) ಎಂಬ ಈ ಇಂಗ್ಲಿಷ್ ಪದದ ಮುಂದೆ ಬಂದು ನಿಲ್ಲುತ್ತಾರೆ. ದೊಡ್ಡ ನಿಘಂಟು ತೆಗೆದರೆ ಒಂದರ ಕೆಳಗೊಂದು ಸಂಬಂಧವೇ ಇಲ್ಲದ ಅರ್ಥಗಳು ಸಿಗುತ್ತವೆ. ನನಗೆ ಈ ಪದ ತುಂಬಾ ಇಷ್ಟ. ಅದಕ್ಕೇ ಜನ ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಸ್ಕಾಬ್ ಅಂದರೆ ಏನು? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗುವುದಿಲ್ಲ, ಎರಡು ಮಾತು ಬೇಕು. ನೇಯ್ಗೆಯಲ್ಲಿ ಸ್ಕಾಬ್ ಅಂದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳದೆ ಬಟ್ಟೆಯ ಮೇಲೆ ಸುಮ್ನೆ ಬಿದ್ದಿರುವ ಜಾಗ, ಅಂದರೆ ಒಂದು ದೋಷ. ಇಂಗ್ಲೆಂಡಿನ ವಿಂಚೆಸ್ಟರ್ ಕಾಲೇಜ್ ಎಂಬ ಹಳೆಯ ಶಾಲೆಯಲ್ಲಿ ಸ್ಕಾಬ್ ಅಂದರೆ ಹುಡುಗರು ಪುಸ್ತಕ ಇಟ್ಟುಕೊಳ್ಳುತ್ತಿದ್ದ, ಅದರ ಮೇಲೇ ಬರೆಯುತ್ತಿದ್ದ ಓಕ್ ಮರದ ಪೆಟ್ಟಿಗೆ.

ಹೇಗೆ ಉಚ್ಚರಿಸಬೇಕು?

‘ಜಾಬ್’ ಅನ್ನುವ ಹಾಗೆ ‘ಸ್ಕಾಬ್’. ‘ಸ್ಕ್ಯಾಬ್’ ಬೇರೆ ಪದ, ಅದು ಗಾಯ ಒಣಗಿದಾಗ ಕಟ್ಟುವ ಹೊಪ್ಪಳೆ. ಮುಷ್ಕರದ ಹೊತ್ತಿನಲ್ಲಿ ಕೆಲಸಕ್ಕೆ ಹೋದವರನ್ನೂ ‘ಸ್ಕ್ಯಾಬ್’ ಎಂದು ಬೈಯುತ್ತಾರೆ. ಗಿರಣಿಗಳ ಬಗ್ಗೆ ಓದುವಾಗ ಎರಡೂ ಪದ ಎದುರಾಗಬಹುದು, ಹಾಗಾಗಿ ಹುಷಾರಾಗಿರಬೇಕು.

ನನಗೆ ನೇಯ್ಗೆ ಗೊತ್ತಿಲ್ಲ. ಬಿಡಿಸಿ ಹೇಳುತ್ತೀರಾ?

ಖಂಡಿತ. ಮಗ್ಗದಲ್ಲಿ ಉದ್ದಕ್ಕೆ ಬಿಗಿದು ಕಟ್ಟಿದ ಎಳೆಗಳು ಹಾಸು. ಅಡ್ಡಕ್ಕೆ ಓಡಾಡುವ ಎಳೆ ಹೊಕ್ಕು. ‘ಜೀವನದಲ್ಲಿ ಹಾಸುಹೊಕ್ಕಾಗಿದೆ’ ಅನ್ನುತ್ತೇವಲ್ಲ, ಆ ಮಾತು ಬಂದದ್ದು ಮಗ್ಗದಿಂದಲೇ. ಸಾದಾ ನೇಯ್ಗೆಯಲ್ಲಿ ಹೊಕ್ಕಿನ ಎಳೆ ಒಂದು ಹಾಸಿನ ಮೇಲೆ, ಮುಂದಿನದರ ಕೆಳಗೆ, ಮತ್ತೆ ಮೇಲೆ, ಮತ್ತೆ ಕೆಳಗೆ, ಹೀಗೆ ಹೋಗುತ್ತದೆ. ವಾಪಸ್ಸು ಬರುವಾಗ ಇದು ತಿರುಗಾಮುರುಗಾ.

ಪ್ರತಿಯೊಂದು ಎಳೆಯನ್ನೂ ಕೈಯಲ್ಲಿ ಎತ್ತುತ್ತಾ ಕೂತರೆ ಒಂದು ಟವೆಲ್ಲಿಗೆ ತಿಂಗಳು ಬೇಕು. ಅದಕ್ಕೇ ಮಗ್ಗ ಅರ್ಧ ಹಾಸನ್ನು ಒಟ್ಟಿಗೆ ಮೇಲೆತ್ತುತ್ತದೆ, ಉಳಿದರ್ಧ ಕೆಳಗಿರುತ್ತದೆ. ಹಾಸು ಬಾಯಿ ತೆರೆದ ಹಾಗಾಗುತ್ತದೆ. ಆ ಬಾಯೊಳಗೆ ಲಾಳಿ ಈ ಕಡೆಯಿಂದ ಆ ಕಡೆಗೆ ಓಡಿ ಹೊಕ್ಕನ್ನು ಬಿಡುತ್ತದೆ. ಹಣಿಗೆ, ಅಂದರೆ ಮಗ್ಗದ ಬಾಚಣಿಗೆಯಂಥ ಭಾಗ, ಬಂದು ಅದನ್ನು ಬಟ್ಟೆಗೆ ಒತ್ತುತ್ತದೆ. ಬಾಯಿ ಮುಚ್ಚಿ, ಮತ್ತೆ ಉಲ್ಟಾ ತೆರೆಯುತ್ತದೆ.

ಈಗ ಆ ಬಾಯೊಳಗೆ ಒಂದು ಕಡೆ ನಾಲ್ಕೈದು ಹಾಸಿನ ಎಳೆಗಳು ಅಂಟಿಕೊಂಡಿವೆ ಅಂದುಕೊಳ್ಳಿ. ಮೇಲೇಳಬೇಕಾದವು ಏಳುವುದಿಲ್ಲ, ಕೆಳಗಿಳಿಯಬೇಕಾದವು ಇಳಿಯುವುದಿಲ್ಲ. ಲಾಳಿಗೆ ಇದೆಲ್ಲ ಗೊತ್ತಾಗುವುದಿಲ್ಲ, ಅದು ಅವುಗಳ ಮೇಲೆಯೋ ಕೆಳಗೆಯೋ ಹಾಯ್ದು ಹೋಗಿಬಿಡುತ್ತದೆ. ಮುಂದಿನ ಸಲವೂ ಹಾಗೆಯೇ. ಹತ್ತು ಸಲ ಹೀಗಾದರೆ ಅಷ್ಟು ಜಾಗದಲ್ಲಿ ಹತ್ತು ಹೊಕ್ಕಿನ ಎಳೆಗಳು ಹಿಡಿತವೇ ಇಲ್ಲದೆ ಬಟ್ಟೆಯ ಮೇಲೆ ತೇಲುತ್ತಿರುತ್ತವೆ. ಅದೇ ಸ್ಕಾಬ್.

ಎಳೆಗಳು ಯಾಕೆ ಅಂಟಿಕೊಳ್ಳುತ್ತವೆ?

ಹೆಚ್ಚಿನ ಸಲ ಕಾರಣ ಒಂದು ಹಾಸಿನ ಎಳೆ ತುಂಡಾದದ್ದು. ತುಂಡಾದ ಎಳೆ ಸುಮ್ಮನೆ ಬಿದ್ದಿರುವುದಿಲ್ಲ. ಅದರ ತುದಿ ಪಕ್ಕದ ಎಳೆಗಳಿಗೆ ಸುತ್ತಿಕೊಂಡು ಅವನ್ನೂ ಕಟ್ಟಿಹಾಕುತ್ತದೆ. ಗಂಟು ಹಾಕಿದವರು ಬಾಲ ಉದ್ದ ಬಿಟ್ಟರೂ ಹೀಗಾಗುತ್ತದೆ. ನೂಲಿನ ನವಿರು ಎದ್ದು ಉಂಡೆಕಟ್ಟಿದರೆ, ಹಾಸಿನ ಬಿಗಿ ಸಡಿಲವಾದರೆ, ಎಳೆ ಎತ್ತುವ ಕಣ್ಣು ಮುರಿದರೆ, ಬಾಯಿ ಸರಿಯಾಗಿ ತೆರೆಯುವ ಮೊದಲೇ ಲಾಳಿ ಹೊರಟರೆ, ಆಗಲೂ ಇದೇ ಗತಿ.

ಹಾಸಿನ ಎಳೆಗಳಿಗೆ ಗಂಜಿ ಹಾಕುವುದು ಇದಕ್ಕಾಗಿಯೇ. ಗಂಜಿ ನವಿರನ್ನು ಅಂಟಿಸಿ ಎಳೆಯನ್ನು ನುಣುಪು ಮಾಡುತ್ತದೆ, ಗಟ್ಟಿ ಮಾಡುತ್ತದೆ. ಗಂಜಿ ಸರಿಯಿಲ್ಲದಿದ್ದರೆ ಎಳೆ ಜಾಸ್ತಿ ಹರಿಯುತ್ತದೆ, ಎಳೆ ಹರಿದಷ್ಟೂ ಸ್ಕಾಬ್ ಜಾಸ್ತಿ.

ನೇಯುವವರಿಗೆ ಅದು ತಕ್ಷಣ ಕಾಣುವುದಿಲ್ಲವೇ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನ್ನ ಕಣ್ಣ ಮುಂದೆ ಇಂಗ್ಲೆಂಡಿನ ಲ್ಯಾಂಕಾಶೈರಿನ ನೇಯ್ಗೆ ಶೆಡ್ಡು ಬರುತ್ತದೆ. ಕೈಮಗ್ಗದಲ್ಲಿ ಕೂತವರ ಕಣ್ಣು ಬಟ್ಟೆಯ ಮೇಲೇ ಇರುತ್ತದೆ, ಎರಡು ಮೂರು ಹೊಕ್ಕಿನೊಳಗೆ ತಪ್ಪು ಗೊತ್ತಾಗುತ್ತದೆ. ಗಿರಣಿಯ ಕಥೆ ಬೇರೆ.

1733ರಲ್ಲಿ ಲ್ಯಾಂಕಾಶೈರಿನ ‘ಬರಿ’ (Bury) ಎಂಬ ಊರಿನ ಕಡೆಯ ಜಾನ್ ಕೇ ಎಂಬಾತ ಹಗ್ಗ ಎಳೆದರೆ ತಾನೇ ಓಡುವ ಲಾಳಿಗೆ ಪೇಟೆಂಟ್ ಪಡೆದ. 1785ರಲ್ಲಿ ಎಡ್ಮಂಡ್ ಕಾರ್ಟ್‌ರೈಟ್ ಯಂತ್ರಮಗ್ಗಕ್ಕೆ ಪೇಟೆಂಟ್ ಪಡೆದ. ಮುಂದೆ ಲ್ಯಾಂಕಾಶೈರಿನ ಊರೂರಲ್ಲಿ ನೇಯ್ಗೆ ಶೆಡ್ಡುಗಳು ಎದ್ದವು. ಒಬ್ಬ ನೇಕಾರಳು ಸಾಮಾನ್ಯವಾಗಿ ನಾಲ್ಕು ಮಗ್ಗ ನೋಡಿಕೊಳ್ಳಬೇಕಿತ್ತು. ನೇಕಾರಳು ಅಂತ ಬೇಕೆಂದೇ ಬರೆದೆ, ಅಲ್ಲಿ ಮಗ್ಗದ ಮುಂದೆ ನಿಂತವರಲ್ಲಿ ಹೆಂಗಸರೇ ಹೆಚ್ಚು. ಒಂದರಲ್ಲಿ ಲಾಳಿಯ ನೂಲು ಮುಗಿಯುತ್ತದೆ, ಅದನ್ನು ಬದಲಿಸುವಾಗ ಬೆನ್ನ ಹಿಂದಿನ ಮಗ್ಗದಲ್ಲಿ ಎಳೆ ಹರಿಯುತ್ತದೆ. ಮಗ್ಗಗಳ ಸದ್ದು ಎಷ್ಟಿತ್ತೆಂದರೆ ಪಕ್ಕದವರ ಮಾತೇ ಕೇಳಿಸುತ್ತಿರಲಿಲ್ಲ. ಅವರು ತುಟಿ ನೋಡಿ, ಮುಖದ ಹಾವಭಾವ ನೋಡಿ ಮಾತಾಡುವುದನ್ನು ಕಲಿತಿದ್ದರು. ಆ ರೀತಿಯ ಮಾತಿಗೆ ‘ಮೀ-ಮಾ’ ಅಂತಲೇ ಹೆಸರು.

ಒಂದು ಸಣ್ಣ ಲೆಕ್ಕ ಹಾಕಿ. ಮಗ್ಗ ನಿಮಿಷಕ್ಕೆ 200 ಹೊಕ್ಕು ಹಾಕುತ್ತಿದೆ, ಬಟ್ಟೆಯಲ್ಲಿ ಇಂಚಿಗೆ 60 ಹೊಕ್ಕು ಇದೆ ಅನ್ನೋಣ. ಮೂರು ನಿಮಿಷ ಆ ಕಡೆ ತಿರುಗಿ ನೋಡದಿದ್ದರೆ ಹತ್ತು ಇಂಚು ಬಟ್ಟೆ ಮುಂದೆ ಹೋಗಿರುತ್ತದೆ. ಹತ್ತು ಇಂಚು ಉದ್ದದ ಸ್ಕಾಬ್!

ಆಮೇಲೆ ಬಟ್ಟೆ ನೋಡುವ ಮೇಸ್ತ್ರಿಯ ಕೈಗೆ ಥಾನು ಹೋಗುತ್ತದೆ. ಅಲ್ಲಿ ಅವನನ್ನು ‘ಕ್ಲಾತ್ ಲುಕರ್’ ಅನ್ನುತ್ತಿದ್ದರು. ಅವನು ತಪ್ಪು ಹುಡುಕಿ ತೋರಿಸುತ್ತಿದ್ದ, ಕೂಲಿಯಲ್ಲಿ ದಂಡ ಮುರಿದುಕೊಳ್ಳುತ್ತಿದ್ದರು. ದಂಡದ ಜಗಳ ಎಷ್ಟು ದೊಡ್ಡದಾಗಿತ್ತೆಂದರೆ 1896ರಲ್ಲಿ ಬ್ರಿಟನ್ನಿನಲ್ಲಿ ಕೂಲಿಯಿಂದ ದಂಡ ಮುರಿಯುವುದಕ್ಕೆ ಕಟ್ಟುಪಾಡು ಹಾಕುವ ಕಾನೂನೇ ಬಂತು. ಸ್ಕಾಬ್ ಎಂಬ ಪುಟ್ಟ ಪದವನ್ನು ನಾನು ಜವಳಿ ನಿಘಂಟಿನ ಪದವಾಗಿ ಮಾತ್ರ ನೋಡಲಾರೆ. ನಾಲ್ಕು ಮಗ್ಗಗಳ ನಡುವೆ ಓಡಾಡಿದ ಹೆಂಗಸೊಬ್ಬಳ ವಾರದ ಕೂಲಿಯಿಂದ ಕಳೆದುಹೋದ ಕಾಸು ಅದು. ತಪ್ಪು ಯಾರದು? ಗಂಜಿ ಕಡಿಮೆ ಹಾಕಿ ಹಾಸು ಕಳಿಸಿದವರದೋ, ಕಳಪೆ ನೂಲು ಕೊಂಡವರದೋ, ಅವಳದೋ? ದಂಡ ಮಾತ್ರ ಅವಳಿಗೆ.

ಮಗ್ಗ ತಾನೇ ನಿಲ್ಲುವ ವ್ಯವಸ್ಥೆ ಇಲ್ಲವೇ?

ಇದೆ. ಪ್ರತಿ ಹಾಸಿನ ಎಳೆಗೂ ಒಂದೊಂದು ತೆಳು ಲೋಹದ ಪಟ್ಟಿ ತೂಗುಬಿಟ್ಟಿರುತ್ತಾರೆ. ಎಳೆ ಬಿಗಿಯಾಗಿರುವವರೆಗೆ ಪಟ್ಟಿ ಅದರ ಮೇಲೆ ನಿಂತಿರುತ್ತದೆ. ಎಳೆ ಹರಿದ ಕೂಡಲೇ ಪಟ್ಟಿ ಕೆಳಗೆ ಬೀಳುತ್ತದೆ, ಮಗ್ಗ ನಿಲ್ಲುತ್ತದೆ. 1890ರ ದಶಕದಲ್ಲಿ ಅಮೆರಿಕದಲ್ಲಿ ಬಂದ ನಾರ್ತ್ರಾಪ್ ಮಗ್ಗದಲ್ಲಿ ಇದು ಇತ್ತು. ಅದನ್ನು ರೂಪಿಸಿದ ಜೇಮ್ಸ್ ನಾರ್ತ್ರಾಪ್ ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ. ಆದರೆ ಎಳೆ ಹರಿಯದೆ ಬರೀ ಅಂಟಿಕೊಂಡರೆ ಪಟ್ಟಿ ಬೀಳುವುದಿಲ್ಲ. ಹಾಗಾಗಿ ಸ್ಕಾಬ್ ಪೂರ್ತಿ ಹೋಗಲಿಲ್ಲ.

ತೇಲುವ ಎಳೆ ಎಲ್ಲವೂ ದೋಷವೇ?

ಅಲ್ಲ, ಇಲ್ಲೇ ತುಂಬಾ ಜನ ತಪ್ಪು ತಿಳಿಯುತ್ತಾರೆ. ಸ್ಯಾಟಿನ್ ಬಟ್ಟೆ ಹೊಳೆಯುವುದೇ ಉದ್ದುದ್ದ ತೇಲುವ ಎಳೆಗಳಿಂದ. ಮನೆಯಲ್ಲಿ ಬುಟ್ಟಾ ಇರುವ ಸೀರೆ ಇದ್ದರೆ ತಿರುಗಿಸಿ ನೋಡಿ. ಎಷ್ಟೋ ಸೀರೆಗಳ ಹಿಂಬದಿಯಲ್ಲಿ ಒಂದು ಬುಟ್ಟಾದಿಂದ ಇನ್ನೊಂದಕ್ಕೆ ಹಾಯ್ದ ಎಳೆಗಳು ಸಡಿಲವಾಗಿ ಇರುತ್ತವೆ. ಕಾಲುಂಗುರಕ್ಕೋ ಬಳೆಗೋ ಸಿಕ್ಕಿಕೊಂಡು ಕಾಡುವುದು ಅವೇ. ಅವು ನೇಕಾರರು ಬೇಕೆಂದೇ ಬಿಟ್ಟವು. ಬೇಡದ ಕಡೆ, ವಿನ್ಯಾಸದಲ್ಲಿ ಇಲ್ಲದ ಕಡೆ ಬಂದರೆ ಮಾತ್ರ ಅದು ಸ್ಕಾಬ್.

ಫ್ಲೋಟ್, ಸ್ಮ್ಯಾಶ್, ಸ್ಕಾಬ್ ಎಲ್ಲ ಒಂದೇನಾ?

ಫ್ಲೋಟ್ ದೊಡ್ಡ ಮಾತು, ತೇಲುವ ಎಳೆಗೆಲ್ಲ ಅದೇ ಹೆಸರು. ದೋಷವಾಗಿ ಬಂದ ಫ್ಲೋಟುಗಳ ಗುಂಪು ಸ್ಕಾಬ್. ಸ್ಮ್ಯಾಶ್ ಬೇರೆ. ಲಾಳಿ ಆ ಕಡೆ ಮುಟ್ಟದೆ ಬಾಯೊಳಗೇ ಸಿಕ್ಕಿಕೊಂಡಾಗ ಹಣಿಗೆ ಬಂದು ಬಡಿದು, ಒಂದೇ ಏಟಿಗೆ ನೂರಾರು ಹಾಸಿನ ಎಳೆ ಹರಿದುಹೋಗುತ್ತವೆ. ಅದನ್ನು ಕಟ್ಟುವುದಕ್ಕೆ ಗಂಟೆಗಟ್ಟಲೆ ಬೇಕು.

ಸ್ಕಾಬ್ ಆದ ಬಟ್ಟೆಯನ್ನು ಸರಿ ಮಾಡಬಹುದೇ?

ಮಗ್ಗದ ಮೇಲಿರುವಾಗಲೇ ಕಂಡರೆ ಮಾಡಬಹುದು. ಮಗ್ಗ ನಿಲ್ಲಿಸಿ, ತಪ್ಪಾದ ಹೊಕ್ಕುಗಳನ್ನು ಒಂದೊಂದಾಗಿ ಬಿಚ್ಚಿ, ಹರಿದ ಹಾಸಿನ ಎಳೆಗೆ ಗಂಟು ಹಾಕಿ, ಮತ್ತೆ ನೇಯಬೇಕು. ಬಟ್ಟೆ ಇಳಿದ ಮೇಲೆ ಗೊತ್ತಾದರೆ ಸೂಜಿಯೇ ಗತಿ. ಯಾರ್ಕ್‌ಶೈರಿನ ಉಣ್ಣೆ ಗಿರಣಿಗಳಲ್ಲಿ ಇದಕ್ಕೇ ಬೇರೆ ಕೆಲಸಗಾರರಿದ್ದರು, ‘ಮೆಂಡರ್’ ಎಂದು ಅವರ ಹೆಸರು. ಬೆಳಕಿಗೆ ಎದುರಾಗಿ ಬಟ್ಟೆ ಇಳಿಬಿಟ್ಟು, ತಪ್ಪಿದ ಎಳೆಯ ದಾರಿಯನ್ನು ಸೂಜಿಯಿಂದ ಮೇಲೆ ಕೆಳಗೆ ಮತ್ತೆ ಹಾಕುತ್ತಿದ್ದರು. ದುಬಾರಿ ಸೂಟಿನ ಬಟ್ಟೆಗೆ ಇಷ್ಟು ಶ್ರಮ ಹಾಕಬಹುದು, ಅಗ್ಗದ ಹತ್ತಿ ಬಟ್ಟೆಗೆ ಯಾರೂ ಹಾಕುವುದಿಲ್ಲ.

ಈಗಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಈ ಪದ ಕೇಳುತ್ತದೆಯೇ?

ಅಪರೂಪ. ಬಟ್ಟೆ ತಪಾಸಣೆ ಮಾಡುವವರು ‘ಫ್ಲೋಟ್’ ಅಂತಲೇ ಬರೆಯುತ್ತಾರೆ. ಬೆಂಗಳೂರಿನ ಗಾರ್ಮೆಂಟ್ ಕೆಲಸದವರಿಗೆ ‘ಫೋರ್ ಪಾಯಿಂಟ್’ ಪದ್ಧತಿ ಗೊತ್ತಿರುತ್ತದೆ. 3 ಇಂಚಿನವರೆಗಿನ ದೋಷಕ್ಕೆ 1 ಅಂಕ, 6 ಇಂಚಿನವರೆಗೆ 2, 9 ಇಂಚಿನವರೆಗೆ 3, ಅದಕ್ಕಿಂತ ಉದ್ದಕ್ಕೆ 4. ಒಂದು ಗಜದಲ್ಲಿ ಎಷ್ಟೇ ದೋಷವಿದ್ದರೂ 4ಕ್ಕಿಂತ ಜಾಸ್ತಿ ಅಂಕ ಹಾಕುವುದಿಲ್ಲ. ಮೇಲೆ ಹೇಳಿದ ಹತ್ತು ಇಂಚಿನ ಸ್ಕಾಬ್‌ಗೆ ಈ ಲೆಕ್ಕದಲ್ಲಿ 4 ಅಂಕ.

ಲ್ಯಾಂಕಾಶೈರಿನ ಸ್ಕಾಬ್‌ಗೂ ನಮಗೂ ಏನು ಸಂಬಂಧ?

ಇದೆ, ಅದೂ ಮೈಗೆ ಹತ್ತಿರದ್ದು. 1913ರಲ್ಲಿ ಬ್ರಿಟನ್ ಸುಮಾರು 700 ಕೋಟಿ ಗಜ ಹತ್ತಿ ಬಟ್ಟೆ ಹೊರಗೆ ಕಳಿಸಿತು. ಅದರಲ್ಲಿ ಸುಮಾರು 300 ಕೋಟಿ ಗಜ ಬಂದದ್ದು ಭಾರತಕ್ಕೆ. ಲ್ಯಾಂಕಾಶೈರಿನ ಬ್ಲ್ಯಾಕ್‌ಬರ್ನ್ ಊರಂತೂ ಪಂಚೆ ನೇಯುವುದಕ್ಕೇ ಹೆಸರಾಗಿತ್ತು. ಅಲ್ಲಿಯವರು ಅದನ್ನು ‘ಧೂಟಿ’ ಅನ್ನುತ್ತಿದ್ದರು. ಸ್ವದೇಶಿ ಚಳವಳಿಯಲ್ಲಿ ನಮ್ಮವರು ಬೀದಿಯಲ್ಲಿ ಸುಟ್ಟದ್ದು ಇಂಥ ಬಟ್ಟೆಯನ್ನೇ. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಲ್ಯಾಂಕಾಶೈರಿನ ಡಾರ್ವೆನ್‌ಗೆ ಹೋಗಿದ್ದರು. ಬಹಿಷ್ಕಾರದಿಂದ ಕೆಲಸಕ್ಕೆ ಪೆಟ್ಟು ಬಿದ್ದ ಊರಿನ ಗಿರಣಿ ಹೆಂಗಸರು ಅವರ ಸುತ್ತ ನಿಂತು ಕೈ ಎತ್ತಿ ಜೈಕಾರ ಹಾಕುತ್ತಿರುವ ಫೋಟೋ ನೀವೂ ನೋಡಿರಬಹುದು. ಆ ಹೆಂಗಸರಿಗೆ ಸ್ಕಾಬ್ ಅಂದರೇನು ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಸರಿ, ಶಾಲೆಯ ಪೆಟ್ಟಿಗೆಗೆ ಬನ್ನಿ. ಅದು ಹೇಗಿತ್ತು?

ವಿಂಚೆಸ್ಟರ್ ಕಾಲೇಜ್ ಹೆಸರಿಗೆ ಕಾಲೇಜು, ನಿಜಕ್ಕೂ ಶಾಲೆ. ಬಿಷಪ್ ವಿಲಿಯಂ ಆಫ್ ವೈಕಮ್ 1382ರಲ್ಲಿ ಸ್ಥಾಪಿಸಿದ್ದು. ಮಕ್ಕಳು ಒಳಗೆ ಬಂದದ್ದು 1394ರಲ್ಲಿ. 70 ಬಡ ವಿದ್ಯಾರ್ಥಿಗಳಿಗಾಗಿ ಶುರುವಾದ ಶಾಲೆ ಅದು. 1680ರ ದಶಕದಲ್ಲಿ ಅಲ್ಲಿ ಒಂದು ದೊಡ್ಡ ಪಾಠದ ಹಾಲ್ ಕಟ್ಟಿದರು. ಅದಕ್ಕೆ ‘ಸ್ಕೂಲ್’ ಅಂತಲೇ ಹೆಸರು. ಆ ಒಂದೇ ಹಾಲಿನಲ್ಲಿ ಉದ್ದ ಬೆಂಚುಗಳ ಮೇಲೆ ಎಲ್ಲ ತರಗತಿಯವರೂ ಕೂರುತ್ತಿದ್ದರು. ಬೇರೆ ಬೇರೆ ಕೋಣೆ ಇರಲಿಲ್ಲ, ಬೇರೆ ಬೇರೆ ಡೆಸ್ಕೂ ಇರಲಿಲ್ಲ.

ಅಂಥ ಕಡೆ ಒಬ್ಬ ಹುಡುಗನಿಗೆ ‘ಇದು ನಂದು’ ಅಂತ ಹೇಳಿಕೊಳ್ಳುವುದಕ್ಕೆ ಇದ್ದದ್ದು ಸ್ಕಾಬ್. ಓಕ್ ಮರದ್ದು, ಎರಡು ಮುಚ್ಚಳದ್ದು. ಒಳಗೆ ಪುಸ್ತಕ, ಮೇಲೆ ಬರವಣಿಗೆ. ನಮ್ಮ ಓದುಗರಿಗೆ ಹೋಲಿಕೆ ಬೇಕಿದ್ದರೆ ಶಾನುಭೋಗರ ಮನೆಯ ಬರೆಯುವ ಪೆಟ್ಟಿಗೆ ನೆನಪು ಮಾಡಿಕೊಳ್ಳಿ. ನೆಲದ ಮೇಲೆ ಇಟ್ಟುಕೊಂಡು, ಇಳಿಜಾರು ಮುಚ್ಚಳದ ಮೇಲೆ ಬರೆದು, ಮುಚ್ಚಳ ಎತ್ತಿ ಕಾಗದ ಒಳಗಿಡುವುದು. ಹಾಸ್ಟೆಲ್ಲಿನಲ್ಲಿ ಇದ್ದವರಿಗೆ ಕಬ್ಬಿಣದ ಟ್ರಂಕು ನೆನಪಾಗಬಹುದು. ಬೀಗದ ಕೈ ಉಡಿದಾರಕ್ಕೆ ಕಟ್ಟಿಕೊಂಡು ಓಡಾಡಿದವರಿಗೆ ಆ ಪೆಟ್ಟಿಗೆಯ ಬೆಲೆ ಗೊತ್ತು, ಅಲ್ವಾ?

ಆ ಹಾಲಿನ ಗೋಡೆಯ ಮೇಲೆ ಲ್ಯಾಟಿನ್ನಿನಲ್ಲಿ ಒಂದು ಸಾಲು ಇದೆ. ಕಲಿ, ಇಲ್ಲವೇ ಹೊರಡು, ಮೂರನೆಯ ದಾರಿ ಏಟು ತಿನ್ನುವುದು ಎಂದು ಅದರ ಅರ್ಥ. ಪಕ್ಕದಲ್ಲಿ ಚಿತ್ರಗಳೂ ಇವೆ. ಕಲಿತವರಿಗೆ ಬಿಷಪ್ಪನ ಟೋಪಿ ಮತ್ತು ಕೋಲು, ಹೊರಟವರಿಗೆ ಕತ್ತಿ ಮತ್ತು ಶಾಯಿ ಪಾತ್ರೆ, ಉಳಿದವರಿಗೆ ಹೊಡೆಯುವ ಕಡ್ಡಿಗಳ ಕಟ್ಟು. ಸ್ಕಾಬ್ ಮುಂದಿಟ್ಟುಕೊಂಡು ಕೂತ ಹುಡುಗ ತಲೆ ಎತ್ತಿದರೆ ಕಾಣುತ್ತಿದ್ದದ್ದು ಇದು.

‘ಬಾಕ್ಸ್’ ಎಂಬ ಪದವನ್ನು ತಿರುಗಿಸಿದರೆ ಸ್ಕಾಬ್ ಆಗುತ್ತದಂತೆ. ಹೌದೇ?

ಶಾಲೆಯಲ್ಲಿ ಹೇಳುವ ಕಥೆ ಅದೇ. ಬಿ, ಓ, ಎಕ್ಸ್. ಕೊನೆಯ ಎಕ್ಸ್ ಬದಲು ಅದರ ಸದ್ದಿಗೆ ತಕ್ಕ ಹಾಗೆ ಸಿ, ಎಸ್ ಬರೆಯಿರಿ. ಈಗ ಹಿಂದಿನಿಂದ ಓದಿ: ಎಸ್, ಸಿ, ಓ, ಬಿ. ಸ್ಕಾಬ್ ಬಂತು. ಪದ ತಿರುಗಿಸುವ ಆಟ ಇಂಗ್ಲೆಂಡಿನಲ್ಲಿ ನಿಜವಾಗಿಯೂ ಇತ್ತು. 19ನೇ ಶತಮಾನದ ಲಂಡನ್ನಿನಲ್ಲಿ ತಳ್ಳುಗಾಡಿ ವ್ಯಾಪಾರಿಗಳು ಗಿರಾಕಿಗೆ ತಿಳಿಯದಿರಲಿ ಅಂತ ಪದಗಳನ್ನು ಹಿಂದುಮುಂದು ಮಾಡಿ ಮಾತಾಡುತ್ತಿದ್ದರು. ಪುಂಡ ಹುಡುಗನಿಗೆ ಇವತ್ತೂ ಹೇಳುವ ‘ಯಾಬ್’ ಎಂಬ ಪದ ‘ಬಾಯ್’ ತಿರುಗಿಸಿ ಬಂದದ್ದು. ನಮ್ಮ ಮಕ್ಕಳೂ ಪ್ರತಿ ಅಕ್ಷರದ ಹಿಂದೆ ಒಂದು ‘ಕ’ ಸೇರಿಸಿ ಗುಟ್ಟು ಮಾತಾಡುವುದಿಲ್ಲವೇ?

ಕಥೆ ಚೆನ್ನಾಗಿದೆ. ಆದರೆ ಇಷ್ಟು ಚೆನ್ನಾಗಿ ಕೂಡಿಬರುವ ಪದಕಥೆಗಳನ್ನು ಕಂಡರೆ ನಾನು ಸ್ವಲ್ಪ ನಿಧಾನ ಮಾಡುತ್ತೇನೆ. ಬರೆಯುವಾಗ ‘ಹೀಗೆ ಹೇಳುತ್ತಾರೆ’ ಅಂತ ಸೇರಿಸುವುದು ಒಳ್ಳೆಯದು.

ಆ ಶಾಲೆಯಲ್ಲಿ ಇಂಥ ಪದಗಳು ಇನ್ನೂ ಇವೆಯೇ?

ರಾಶಿ ಇವೆ. ಅವನ್ನು ಅಲ್ಲಿ ‘ನೋಷನ್ಸ್’ ಅನ್ನುತ್ತಾರೆ. ಹುಡುಗನ ಓದುವ ಗೂಡು, ಮೇಜು ಮತ್ತು ಪುಸ್ತಕದ ಕಪಾಟು ಸೇರಿದ್ದು, ‘ಟಾಯ್ಸ್’. ಸಂಜೆ ಓದುವ ಹೊತ್ತು ‘ಟಾಯ್‌ಟೈಮ್’. ಆಟಿಕೆಗೂ ಅದಕ್ಕೂ ಸಂಬಂಧವಿಲ್ಲ, ಅನುವಾದ ಮಾಡುವವರು ದಯವಿಟ್ಟು ಗಮನಿಸಿ. ‘ಮಗ್’ ಅಂದರೆ ಕಷ್ಟಪಟ್ಟು ಓದುವುದು. ನಮ್ಮ ಹಾಸ್ಟೆಲ್ಲುಗಳಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ‘ಮಗ್ ಅಪ್ ಮಾಡ್ತಿದೀನಿ’ ಅನ್ನುವ ಮಾತು ಬ್ರಿಟಿಷ್ ವಿದ್ಯಾರ್ಥಿಗಳ ಇಂಥ ಹಳೆಯ ಮಾತಿನ ಕುಟುಂಬದ್ದೇ.

ಮಗ್ಗದ ಸ್ಕಾಬ್‌ಗೂ ಪೆಟ್ಟಿಗೆಯ ಸ್ಕಾಬ್‌ಗೂ ನಂಟು ಇದೆಯೇ?

ನಂಟು ಕಟ್ಟುವುದಕ್ಕೆ ಹೋಗಬೇಡಿ. ಕನ್ನಡದಲ್ಲಿ ‘ಎಳೆ’ ಅಂದರೆ ನೂಲು, ‘ಎಳೆ’ ಅಂದರೆ ಜಗ್ಗು, ‘ಎಳೆ’ ಮಗು ಅಂದರೆ ಪುಟ್ಟ ಮಗು. ಕಿವಿಗೆ ಒಂದೇ, ಒಳಗೆ ಬೇರೆ ಬೇರೆ. ಸ್ಕಾಬ್ ಕೂಡ ಹಾಗೆಯೇ. ಒಂದು ಗಿರಣಿಯ ಮಾತು, ಇನ್ನೊಂದು ಒಂದೇ ಶಾಲೆಯ ಗೋಡೆಯೊಳಗಿನ ಮಾತು.

ನಿಘಂಟಿನಲ್ಲಿ ಕಡ್ಡಿ, ಹೊಟ್ಟು ಅಂತೆಲ್ಲ ಇದೆಯಲ್ಲ?

ಸ್ಕಾಟ್ಲೆಂಡಿನಲ್ಲಿ ಹುಲ್ಲಿನ ಮಾಡು ಹಾರದಂತೆ ಬಗ್ಗಿಸಿ ಚುಚ್ಚುವ ಹೇಜಲ್ ಅಥವಾ ವಿಲೋ ಮರದ ಕಡ್ಡಿಗೂ ಸ್ಕಾಬ್ ಅನ್ನುತ್ತಾರೆ. ಮುರಿದ ಮೂಳೆಗೆ ಕಟ್ಟುವ ದಬ್ಬೆಗೂ ಅದೇ ಹೆಸರು. ಐರ್ಲೆಂಡಿನಲ್ಲಿ ಮಾಡಿನ ಕಡ್ಡಿ ‘ಸ್ಕಾಲಪ್’. ಇನ್ನು ‘ಸ್ಕೋಬ್ಸ್’ ಎಂಬುದು ಲ್ಯಾಟಿನ್ನಿನಿಂದ ಬಂದದ್ದು, ಗರಗಸದ ಹೊಟ್ಟು ಅಥವಾ ಅರ ಹಾಕಿದಾಗ ಉದುರುವ ಪುಡಿ ಎಂದು ಅರ್ಥ. ಅದು ಸ್ಕಾಬ್‌ನ ಬಹುವಚನ ಅಲ್ಲ.

ಕನ್ನಡದಲ್ಲಿ ಏನು ಬರೆಯಬೇಕು?

ನೇಯ್ಗೆಯ ಬಗ್ಗೆ ಬರೆಯುವಾಗ ‘ಹೊಕ್ಕು ತಪ್ಪಿದ ಜಾಗ’ ಅಂದರೆ ಸಾಕು, ನೇಕಾರರಿಗೂ ಅರ್ಥವಾಗುತ್ತದೆ, ಉಳಿದವರಿಗೂ. ಹೊಸದೊಂದು ಸಂಸ್ಕೃತ ಪದ ಕಟ್ಟುವ ಅಗತ್ಯ ನನಗಂತೂ ಕಾಣುವುದಿಲ್ಲ. ಶಾಲೆಯ ಸ್ಕಾಬನ್ನು ಮಾತ್ರ ಹಾಗೆಯೇ ಉಳಿಸಿ, ಮೊದಲ ಸಲ ಬಂದಾಗ ‘ಓಕ್ ಪೆಟ್ಟಿಗೆ’ ಅಂತ ಜೊತೆಗೆ ಬರೆಯಿರಿ. ಅದು ಆ ಮಕ್ಕಳ ಗುಟ್ಟಿನ ಮಾತು, ಅನುವಾದ ಮಾಡಿದರೆ ಗುಟ್ಟೇ ಹೋಗುತ್ತದೆ.

ಮನೆಯಲ್ಲೇ ಒಂದು ಸ್ಕಾಬ್ ನೋಡಬಹುದೇ?

ನೋಡಬಹುದು. ಅಗ್ಗದ ಟವೆಲ್, ಪಾತ್ರೆ ಒರೆಸುವ ಬಟ್ಟೆ, ದಿಂಬಿನ ಚೀಲ, ಇವುಗಳಲ್ಲಿ ಹುಡುಕಿ. ಕಿಟಕಿಗೆ ಎದುರಾಗಿ ಹಿಡಿಯಿರಿ. ಒಂದು ಕಡೆ ಬೆಳಕು ಬೇರೆ ಥರ ಬರುತ್ತದೆ.

ನಮ್ಮ ಅಡುಗೆಮನೆಯ ಒಂದು ಬಟ್ಟೆಯಲ್ಲಿ ಅಂಚಿನಿಂದ ನಾಲ್ಕು ಬೆರಳು ಒಳಗೆ, ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಅದು ಇದೆ. ಸೂಜಿಯ ತುದಿಯಿಂದ ಎಣಿಸಿದೆ. ಹನ್ನೊಂದು ಹೊಕ್ಕಿನ ಎಳೆಗಳು, ಆರು ಹಾಸಿನ ಮೇಲೆ ಹಾಗೇ ಹಾಯ್ದು ಹೋಗಿವೆ. ಸೂಜಿಯನ್ನು ಕೆಳಗೆ ತೂರಿಸಿದರೆ ಹನ್ನೊಂದೂ ಒಟ್ಟಿಗೆ ಮೇಲೇಳುತ್ತವೆ, ಪುಟ್ಟ ಸೇತುವೆಯ ಹಾಗೆ. ಬಟ್ಟೆ ತಿರುಗಿಸಿದರೆ ಹಿಂಬದಿಯಲ್ಲಿ ಆ ಆರು ಹಾಸಿನ ಎಳೆಗಳು ಬರಿಮೈಯಲ್ಲಿ ನಿಂತಿವೆ. ಅದರ ಒಂದು ತುದಿಯಲ್ಲಿ, ಗುಂಡುಸೂಜಿಯ ತಲೆಗಿಂತ ಸಣ್ಣದಾದ ಗಂಟು. ಎಳೆ ಹರಿದಾಗ ಯಾರೋ ಹಾಕಿದ್ದು. ಹನ್ನೆರಡನೆಯ ಹೊಕ್ಕಿನಿಂದ ನೇಯ್ಗೆ ಮತ್ತೆ ಸರಿಯಾಗಿದೆ, ಅಂದರೆ ಅವರು ಬೇಗ ನೋಡಿದ್ದಾರೆ.

ನಿಮಗೆ ಇಂಥದ್ದು ಸಿಕ್ಕರೆ ಆ ಸಡಿಲ ಎಳೆಗಳನ್ನು ಕತ್ತರಿಸಬೇಡಿ, ಅಲ್ಲಿ ತೂತು ಬೀಳುತ್ತದೆ. ಅದೇ ಬಣ್ಣದ ನೂಲು ಪೋಣಿಸಿ, ಒಂದು ಎಳೆಯ ಮೇಲೆ, ಒಂದು ಎಳೆಯ ಕೆಳಗೆ, ಉದ್ದಕ್ಕೆ ನಾಲ್ಕು ಸಲ ಹೊಲಿದರೆ ಇನ್ನೂ ಎರಡು ವರ್ಷ ಬಾಳುತ್ತದೆ.